ಶಾಲೆಯ ಅಂಗಳಕ್ಕೆ ಬಂದ ವೀರಗಲ್ಲು

ನಮ್ಮ ಇತಿಹಾಸ ಸಂಘ ಹುಟ್ಟಿದ್ದು ಹೊಸದುರ್ಗದ ಒಂದು ಹೋಟೆಲಿನ ಮುಂದೆ. ಚರಂಡಿಗೆ ಹಾಸಿದ್ದ ಚಪ್ಪಡಿ ಮಗುಚಿದಾಗ ಅದರ ಅಡಿಮೈಯಲ್ಲಿ ಕೆತ್ತಿದ, ಕತ್ತಿ ಹಿಡಿದ ವೀರನೊಬ್ಬ ಕೆಸರು ಮೆತ್ತಿಕೊಂಡು ಮಲಗಿದ್ದ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಎಲ್ಲೆಲ್ಲೂ ಮೋರಿ ಕಟ್ಟುತ್ತಿದ್ದರು. ಹೊಲದ ಬದುವಿನ ಕಲ್ಲೆಲ್ಲ ಕಂತ್ರಾಟುದಾರರಿಗೆ ಬಿಟ್ಟಿ ಸಾಮಾನು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದನ್ನು ಕಂಡು ಕೆಂಡವಾದರು, ನಾಲ್ಕೈದು ಜನರನ್ನು ಸೇರಿಸಿ ಸಂಘ ಕಟ್ಟಿದರು, ತಾವೇ ಅಧ್ಯಕ್ಷರಾದರು. ಅಕ್ಷರ ದುಂಡಗಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳೆಂಬುದು ಅವರಿಗೆ ಆಮೇಲೆ ನೆನಪಾಯಿತು.

ಸಿಕ್ಕಿದ ಕಲ್ಲುಗಳನ್ನು ಟ್ರಾಕ್ಟರಿನಲ್ಲಿ ಹೇರಿ ತಂದು ನಮ್ಮ ಶಾಲೆಯ ಅಂಗಳದಲ್ಲಿ ನಿಲ್ಲಿಸುತ್ತಿದ್ದೆವು. ಹೊಳಲ್ಕೆರೆ ಕಡೆಯ ಹೊಲವೊಂದರಲ್ಲಿ ಎಲ್ಲಕ್ಕಿಂತ ಚೆಂದದ ವೀರಗಲ್ಲು ಇತ್ತು. ಹೊಲದ ಯಜಮಾನ ಕೇಳಿದ ಕೂಡಲೇ ಸಹಿ ಹಾಕಿದ, ಎತ್ತಲು ಆಳುಗಳನ್ನೂ ಕೊಟ್ಟ. ಅವನಿಗೆ ಆ ಜಾಗ ಪಂಪ್‌ಸೆಟ್ಟಿನ ಮನೆ ಕಟ್ಟಲು ಬೇಕಾಗಿತ್ತು. ಹೊಲವನ್ನು ಅವನಿಗೆ ಮಾರಿದ್ದ ಮನೆತನದವರು ಪ್ರತಿವರ್ಷ ಹಿರೇರ ಹಬ್ಬಕ್ಕೆ ಅಲ್ಲಿಗೆ ಬಂದು, ಕಲ್ಲಿಗೆ ಎಣ್ಣೆ ಹಚ್ಚಿ ಎಡೆ ಇಡುತ್ತಾರೆಂದು ಅವನು ಬಾಯಿ ಬಿಡಲಿಲ್ಲ, ನಾವೂ ಕೇಳಲಿಲ್ಲ. ಪಹಣಿಯಲ್ಲಿ ಹೆಸರಿದ್ದವನನ್ನು ಕೇಳಿದರೆ ಮುಗಿಯಿತು ಎಂದುಕೊಂಡಿದ್ದೆವು.

ಹಬ್ಬ ಕಳೆದ ಮೇಲೆ ಆ ಮನೆತನದ ಹಿರಿಯರೊಬ್ಬರು ಶಾಲೆಗೆ ಬಂದರು. ತಲೆ, ಮೀಸೆ ಬೋಳಿಸಿಕೊಂಡಿದ್ದರು. ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳಿದೆ. ಅವರು ಕಲ್ಲಿನ ಕಡೆ ನೋಡಿದರು. ನೆಲ ಬಿಟ್ಟು ಎದ್ದ ಕಲ್ಲು ಸತ್ತ ಹಾಗೆ, ಮನೆಮಂದಿಯೆಲ್ಲ ಸೂತಕ ಹಿಡಿದು ತಿಥಿ ಮುಗಿಸಿದೆವು ಎಂದರು. ಅಲ್ಲೇ ಇದ್ದ ಅಧ್ಯಕ್ಷರು ಕುರ್ಚಿ ಎಳೆದು ಕೂರಿಸಿ, ಬೋರ್ಡು ಬರೆಸಬೇಕು, ವೀರನ ಕತೆ ಹೇಳಿ ಎಂದರು. ಆ ಹೊತ್ತಿನಲ್ಲಿ ಅಧ್ಯಕ್ಷರನ್ನು ನಾನು ಮನಸಾರೆ ದ್ವೇಷಿಸಿದೆ.

ಕತೆ ಹೇಳಲು ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಹಿರಿಮಗನಿಗೆ ಮದುವೆಯಾದ ವರ್ಷ, ಹಬ್ಬದ ಎಡೆ ಇಟ್ಟ ಮೇಲೆ, ಅಪ್ಪ ಆ ನೆಲದಲ್ಲೇ ನಿಂತು ಅವನಿಗೆ ಒಪ್ಪಿಸಬೇಕು. ಬೇರೆಲ್ಲೂ, ಬೇರೆ ಯಾರಿಗೂ ಹೇಳುವಂತಿಲ್ಲ.

"ಬರೋ ವರ್ಷ ನನ್ನ ಮಗಂದು ಮದ್ವೆ ಐತ್ರಿ," ಎಂದರು ಹಿರಿಯರು. "ಅವನಿಗೆ ಎಲ್ಲಿ ನಿಂತು ಹೇಳ್ಲಿ, ನೀವೇ ಹೇಳ್ರಿ."

ಕಲ್ಲು ವಾಪಸು ಕೊಡೋಣವೆಂದು ನಾನು ಸಂಘದ ಸಭೆಯಲ್ಲಿ ಜಗಳ ತೆಗೆದೆ. ಉಳಿದವರು ಗೊಣಗುತ್ತಲೇ ಒಪ್ಪಿದರು. ಹೋಗಿ ನೋಡಿದರೆ ಪಂಪ್‌ಸೆಟ್ಟಿನ ಮನೆ ಎದ್ದು ನಿಂತಿತ್ತು. ಗೇಣು ಜಾಗವನ್ನೂ ಬಿಡುವುದಿಲ್ಲ ಎಂದ ಯಜಮಾನ. ಕಲ್ಲು ಶಾಲೆಯ ಅಂಗಳದಲ್ಲೇ ಉಳಿಯಿತು. ಸಂಘಕ್ಕೇನೂ ಕೊರತೆಯಾಗಲಿಲ್ಲ, ಚಿತ್ರದುರ್ಗದಿಂದ ಅಧಿಕಾರಿಗಳು ಬಂದು, ಸಾಲಾಗಿ ನಿಂತ ಕಲ್ಲುಗಳನ್ನು ನೋಡಿ ಹೊಗಳಿ ಹೋದರು. ಈ ಕಲ್ಲಿನ ಬೋರ್ಡಿನ ಮೇಲೆ "ವೀರಗಲ್ಲು, ಹೊಳಲ್ಕೆರೆ ಕಡೆಯದು" ಎಂದು ದುಂಡಗೆ ಬರೆದೆ.

ಕೆಲವು ವರ್ಷಗಳಾದ ಮೇಲೆ ಆ ಹಿರಿಯರ ಮಗ ಕೂಸನ್ನು ಎತ್ತಿಕೊಂಡು ಬಂದ. ಅಪ್ಪ ತೀರಿಹೋದರಂತೆ.

"ಟೀಚರಮ್ಮ, ನಮ್ ಕಲ್ಲಿನ ಕತೆ ನೀವು ಬರ್ದಿಟ್ಟೀರಂತೆ. ಅಪ್ಪ ನನಗೆ ಹೇಳ್ಲೇ ಇಲ್ಲ. ನನಗೆ ಓದಾಕೆ ಬರಾದಿಲ್ಲ, ಸ್ವಲ್ಪ ಓದಿ ಹೇಳ್ರಿ."

ಅವನನ್ನು ಕಲ್ಲಿನ ಹತ್ತಿರ ಕರೆದೊಯ್ದು ಬೋರ್ಡು ಓದಿದೆ. ಓದುವುದು ಇನ್ನೂ ಇದೆಯೆಂದುಕೊಂಡು ಅವನು ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಕಾಯುತ್ತ ನಿಂತ.