‘ಬಂದೆ’ ಎಂದವರು ಬಂದಿರಲಿಲ್ಲ

ಒಂದು ಕಾದಂಬರಿಯನ್ನು ಇನ್ನೊಂದು ಕಾದಂಬರಿಯ ಪಕ್ಕದಲ್ಲಿಟ್ಟು ತೂಗುವ ವಿಮರ್ಶಕರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಕಾದಂಬರಿಯನ್ನು ಬದುಕಿ ಬಂದವರ ಮಾತಿನ ಪಕ್ಕದಲ್ಲಿಟ್ಟು, ಅದು ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ನಮ್ಮನ್ನು ಸಮಾಧಾನಪಡಿಸಲು ಹೊರಡುತ್ತದೆ ಎಂದು ನೋಡುವವರು ವಿರಳ. ಈ ತಿಂಗಳು ನಮ್ಮ ಸಾಹಿತ್ಯ ವಿಭಾಗದಿಂದ ನಿವೃತ್ತರಾಗುತ್ತಿರುವ ಮೇಡಂ ಅಂಥ ವಿರಳರಲ್ಲೊಬ್ಬರು. ಅಪಾಯದಲ್ಲಿ ಸಿಕ್ಕಿ ಉಳಿದುಬಂದವರ ಕಥನಗಳನ್ನು ಕುರಿತ ಅವರ ಪುಸ್ತಕವನ್ನು ಈ ವಿಷಯದಲ್ಲಿ ಕೆಲಸ ಮಾಡುವ ಯಾರೂ ಬದಿಗಿಡುವಂತಿಲ್ಲ. ಆ ಪುಸ್ತಕದ ಹಿಂದೆ ಒಂದು ಮಧ್ಯಾಹ್ನವಿದೆ, ಅದರ ಮರುದಿನವಿದೆ. ಅಲ್ಲಿದ್ದವರಾದ್ದರಿಂದ ನೀವೇ ಬರೆಯಬೇಕು ಎಂದು ಸಂಪಾದಕರು ಕೇಳಿದಾಗ ನನಗೆ ಸಂತೋಷಕ್ಕಿಂತ ಮೊದಲು ಆದದ್ದು ಹೆದರಿಕೆ.

ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಸಹೋದ್ಯೋಗಿ. ಕಾಲೇಜಿನ ಕೊನೆಯ ವರ್ಷದಲ್ಲಿ ನನ್ನ ಮದುವೆಯಾಯಿತು. ಸೊಸೆ ಪರೀಕ್ಷೆ ಬರೆಯುವುದು ಆ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಒಂದು ಭಾನುವಾರ ಮೇಡಂ ತಾವಾಗಿಯೇ ನಮ್ಮ ಮನೆಗೆ ಬಂದರು. ಪರೀಕ್ಷೆಯ ಮಾತೆತ್ತದೆ, ನನ್ನ ಅತ್ತೆಯ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಪರೀಕ್ಷೆಯ ದಿನ ಹುಡುಗಿಯನ್ನು ಕರೆದುಕೊಂಡು ಹೋಗಲು ತಾವೇ ಬರುವುದಾಗಿ, ಅದೆಲ್ಲ ಮೊದಲೇ ತೀರ್ಮಾನವಾದ ವಿಷಯವೆಂಬಂತೆ ಹೇಳಿದರು. ಹೇಳಿದಂತೆ ಬಂದರು. ನಾನು ಇಂದು ಈ ಲೇಖನದ ಕೆಳಗೆ ಬರೆದುಕೊಳ್ಳುವ ಹುದ್ದೆ ಆ ಭಾನುವಾರದ್ದು.

ಅವರು ನಮಗೆ ಪಾಠ ಮಾಡುತ್ತಿದ್ದ ಕಾದಂಬರಿಗಳಲ್ಲೊಂದು, ಹಡಗು ಒಡೆದು ಬಂಡೆಗಲ್ಲಿನ ದ್ವೀಪದಲ್ಲಿ ಒಬ್ಬಳೇ ಉಳಿಯುವ ಹೆಂಗಸಿನ ಕಥೆ. ನಾವು ಹುಡುಗಿಯರು ಆ ನಾಯಕಿಯನ್ನು ‘ದ್ವೀಪದವಳು’ ಎನ್ನುತ್ತಿದ್ದೆವು. ಅವಳು ಬೆಂಕಿ ಆರದಂತೆ ಕಾಯುತ್ತಾಳೆ, ಮಳೆನೀರು ಹಿಡಿದಿಡುತ್ತಾಳೆ, ಗಂಡನ ಒಲವಿನ ಮಾತುಗಳನ್ನು ಬಾಯಿಪಾಠದಂತೆ ಹೇಳಿಕೊಳ್ಳುತ್ತಾಳೆ, ಒಂಟಿತನದಲ್ಲಿ ದಿನದಿನಕ್ಕೂ ದೊಡ್ಡ ಮನುಷ್ಯಳಾಗುತ್ತಾಳೆ. ಕಡಲಿನ ಆಚೆ ಊರಿಗೆ ಊರೇ ಅವಳನ್ನು ಹುಡುಕುತ್ತಿರುತ್ತದೆ. ನಡುವೆ ಬಿರುಗಾಳಿ ಇರುವುದರಿಂದ ತಡವಾಗುತ್ತದೆ, ಅಷ್ಟೆ. ಕೊನೆಗೊಂದು ಬೆಳಗ್ಗೆ ಹಡಗಿನ ಕೂಗು ಕೇಳಿಸುತ್ತದೆ. ಮೇಡಂ ಆ ಪುಟವನ್ನು ಓದುವಾಗ ತರಗತಿಯಲ್ಲಿ ಅಳದ ಹುಡುಗಿ ಇರುತ್ತಿರಲಿಲ್ಲ. ಮೇಡಂ ಅವರ ಅತ್ತೆಗೆ ಮಾತ್ರ ಈ ನಾಯಕಿಯನ್ನು ಕಂಡರೆ ಆಗುತ್ತಿರಲಿಲ್ಲ. ಕಾಲು ಸೋತು ಕುರ್ಚಿ ಹಿಡಿದಿದ್ದ, ನಾಲಿಗೆ ಮಾತ್ರ ಕಿಂಚಿತ್ತೂ ಸೋಲದ ಆ ಹಿರಿಯರು, ಸೊಸೆ ಮನೆಯಲ್ಲಿ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವುದನ್ನು ಕೇಳಿ ಕೇಳಿ ಕಥೆಯನ್ನೆಲ್ಲ ತಿಳಿದುಕೊಂಡಿದ್ದರು.

ನಾನು ಅದೇ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದ ಮೊದಲ ವರ್ಷ ಅದು. ಗ್ರಂಥಾಲಯದ ಹಿಂದಿನ ನಿವೇಶನದಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಆಳವಾಗಿ ಪಾಯ ತೋಡುತ್ತಿದ್ದರು. ನಮ್ಮ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಬಂದು ನೋಡಿದವರು, ಸುಣ್ಣ ಬಿರಿದಿದೆ ಅಷ್ಟೆ ಎಂದು ಹೇಳಿ ಹೋಗಿದ್ದರು. ಆ ಮಧ್ಯಾಹ್ನ ತರಗತಿಗೆ ದ್ವೀಪದವಳ ಕಥೆಯ ಪ್ರತಿಗಳು ಸಾಲದೆ, ಹಳೆಯ ಪ್ರತಿಗಳನ್ನು ಹುಡುಕಲು ಮೇಡಂ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅವರು ಕೆಳಗಿರುವಾಗಲೇ ಹಿಂದಿನ ಗೋಡೆ ಸದ್ದು ಮಾಡತೊಡಗಿತು. ಗಂಟಲಿನ ದೆಸೆಯಿಂದ ‘ಮೈಕು’ ಎಂದು ಹೆಸರಾಗಿದ್ದ ನಮ್ಮ ಅಟೆಂಡರ್ ಒಂದೊಂದು ಬಾಗಿಲಿಗೂ ಹೋಗಿ ಕೂಗಿ ಎಲ್ಲರನ್ನೂ ಎಬ್ಬಿಸಿದ. ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ನಿಂತು, ಗೋಡೆ ಬಿಡುತ್ತಿದೆ, ಬೇಗ ಮೇಲೆ ಬನ್ನಿ ಎಂದು ಮೇಡಂ ಅವರನ್ನೂ ಕರೆದ.

ಕೆಳಗಿನಿಂದ ಉತ್ತರ ಬಂತು: ‘ಬಂದೆ.’

ನಮ್ಮ ಭಾಷೆಯಲ್ಲಿ ಯಾರೇ ಕೂಗಲಿ, ಏಳುವ ಮೊದಲೇ ನಾವು ‘ಬಂದೆ’ ಎನ್ನುತ್ತೇವೆ. ಒಲೆಯ ಮೇಲಿನ ಪಾತ್ರೆ ಇಳಿಸುತ್ತ ಅನ್ನುತ್ತೇವೆ, ಸ್ನಾನದ ಮನೆಯ ಒಳಗಿನಿಂದ ಅನ್ನುತ್ತೇವೆ. ಇನ್ನೂ ಇಡದ ಹೆಜ್ಜೆಗೆ ಆಗಿಹೋದ ಕಾಲದ ಕ್ರಿಯಾಪದ. ಮೈಕು ಮುಂದಿನ ಬಾಗಿಲಿಗೆ ಓಡಿದ. ಅಂಗಳದಲ್ಲಿ ಗ್ರಂಥಪಾಲಕರು ಕೇಳಿದಾಗ ‘ಮೇಡಂ ಬಂದೆ ಅಂದ್ರು’ ಎಂದ. ಕೂಗಾಟದ ನಡುವೆ ಗ್ರಂಥಪಾಲಕರ ಕಿವಿಗೆ ಬಿದ್ದದ್ದು ‘ಮೇಡಂ ಬಂದ್ರು’. ಅವರು ಪ್ರಾಂಶುಪಾಲರಿಗೆ ಅಷ್ಟನ್ನೇ ದಾಟಿಸಿದರು. ಪ್ರಾಂಶುಪಾಲರು ಅಗ್ನಿಶಾಮಕದವರಿಗೆ, ಬರವಣಿಗೆಯ ಕನ್ನಡದಲ್ಲಿ, ಎಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದಾರೆ ಎಂದು ತಿಳಿಸಿದರು. ಅಷ್ಟು ಹೊತ್ತಿಗೆ ಗ್ರಂಥಾಲಯದ ಹಿಂಭಾಗ ಕುಸಿದು, ಮೆಟ್ಟಿಲಿನ ಜಾಗದಲ್ಲಿ ಮಣ್ಣು ತುಂಬಿತ್ತು.

ಅಂಗಳದ ತುಂಬ ಧೂಳಿತ್ತು. ಅವರವರ ತರಗತಿಯ ಹುಡುಗಿಯರನ್ನು ನೋಡಿಕೊಳ್ಳುವುದರಲ್ಲಿ ಮುಳುಗಿದ್ದ ನಮಗೆಲ್ಲ ಮೇಡಂ ಈ ಗುಂಪಿನಲ್ಲಿಲ್ಲದಿದ್ದರೆ ಆ ಗುಂಪಿನಲ್ಲಿರುತ್ತಾರೆ ಎಂದೇ ಅನಿಸಿತು. ಎಲ್ಲಿದ್ದರೂ ಕೆಲಸ ನಿಭಾಯಿಸುತ್ತಿರುತ್ತಾರೆ ಎಂಬ ನಂಬಿಕೆಯನ್ನು ಅವರೇ ನಮ್ಮಲ್ಲಿ ವರ್ಷಗಟ್ಟಲೆ ಬೆಳೆಸಿದ್ದರು.

ಅವರ ಪತಿ ಕನ್ನಡಕದ ಅಂಗಡಿ ನಡೆಸುವವರು. ಸುದ್ದಿ ಕೇಳಿ ಕೂಡಲೇ ಕಾಲೇಜಿಗೆ ಫೋನ್ ಮಾಡಿದರು. ಎಲ್ಲರೂ ಬಂದಿದ್ದಾರೆ, ಗಾಬರಿ ಬೇಡ ಎಂಬ ಉತ್ತರ ಸಿಕ್ಕಿತು. ಮೇಡಂ ಅವರ ಫೋನ್ ಮಾತ್ರ ಬೀಗ ಹಾಕಿದ ಅಧ್ಯಾಪಕರ ಕೊಠಡಿಯಲ್ಲಿ ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಹುಷಾರಿಲ್ಲದ ತಮ್ಮ ಅಕ್ಕನನ್ನು ಕಾಲೇಜು ಮುಗಿಸಿ ನೋಡಿಕೊಂಡು ಬರುತ್ತೇನೆಂದು ಮೇಡಂ ಬೆಳಗ್ಗೆ ಹೇಳಿದ್ದರಿಂದ, ಅಲ್ಲಿಗೇ ಹೋಗಿ ಉಳಿದಿರಬೇಕು ಎಂದುಕೊಂಡರು ಪತಿ. ಕಾಯಿಲೆಯವರನ್ನು ಎಬ್ಬಿಸುವುದೇಕೆ ಎಂದು ಅಲ್ಲಿಗೆ ಫೋನ್ ಮಾಡಲಿಲ್ಲ. ಮನೆಯವರಿಗೆ ಅವರು ಅಕ್ಕನ ಮನೆಯಲ್ಲಿದ್ದರು, ಕಾಲೇಜಿನವರಿಗೆ ತಮ್ಮ ಮನೆಯಲ್ಲಿದ್ದರು, ಅಕ್ಕನಿಗೆ ಕಾಲೇಜಿನಲ್ಲಿದ್ದರು. ಎಲ್ಲಿಯೂ ಕಾಣೆಯಾಗಿರಲಿಲ್ಲ.

ಕೆಳಗೆ ಏನಾಗುತ್ತಿತ್ತು ಎಂಬುದನ್ನು ಅವರು ಬಹಳ ಕಾಲ ಹೇಳಲಿಲ್ಲ. ಹೇಳಿದಷ್ಟನ್ನು ಬರೆಯುತ್ತೇನೆ. ಕಬ್ಬಿಣದ ಕಪಾಟುಗಳೆರಡು ಒಂದಕ್ಕೊಂದು ಒರಗಿ ಬಿದ್ದು, ನಡುವೆ ಕುಕ್ಕರಗಾಲಿನಲ್ಲಿ ಕೂರುವಷ್ಟು ಎಡೆ ಉಳಿದಿತ್ತು. ಮೊದಲು ಅವರಿಗೆ ಅಂಥ ಹೆದರಿಕೆಯೇನೂ ಆಗಲಿಲ್ಲ. ತಾನು ಇಲ್ಲಿರುವುದು ಮೈಕುವಿಗೆ ಗೊತ್ತು, ಇನ್ನೇನು ಕರೆಯುತ್ತಾನೆ ಎಂದು ಕಾದರು. ಮೇಲಿನ ಗದ್ದಲ ತಗ್ಗಿತು. ಅಗ್ನಿಶಾಮಕದವರ ಸೀಟಿಯ ಸದ್ದು ದೂರವಾಯಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ತಾನು ಕೊಟ್ಟ ಉತ್ತರ ಅವರಿಗೆ ನೆನಪಾಯಿತು. ಒಂದು ಮಾತು ಬಾಯಿಂದ ಬಾಯಿಗೆ ಹೋಗುವಾಗ ಏನಾಗುತ್ತದೆ ಎಂದು ಪಾಠ ಹೇಳುವವರು ಅವರು. ಅದು ಏನಾಗಿರಬಹುದು ಎಂದು ಕತ್ತಲಲ್ಲಿ ಒಂದೊಂದೇ ಅಕ್ಷರವಾಗಿ ಬಿಡಿಸಿಕೊಂಡರು. ‘ನನ್ನ ಮಾತು ನನಗಿಂತ ಮೊದಲು ಹೊರಗೆ ಹೋಗಿಬಿಟ್ಟಿತ್ತು ಕಣೇ,’ ಎಂದು ನನಗೆ ಒಮ್ಮೆ ಹೇಳಿದರು.

ಒಡೆದ ಕೊಳವೆಯಿಂದ ನೀರು ಸೋರುತ್ತಿತ್ತು. ನೀರು ಕುಡಿದ ಪುಸ್ತಕಗಳು ಉಬ್ಬುತ್ತವೆ. ಬಿಗಿಯಾಗಿ ಜೋಡಿಸಿದ ಸಾಲುಗಳು ಉಬ್ಬಿದರೆ ಕಪಾಟನ್ನೇ ಹೊರಕ್ಕೆ ನೂಕುತ್ತವೆ. ತಲೆಯ ಮೇಲಿನ ಕಬ್ಬಿಣ ಆಗಾಗ ನರಳುತ್ತ ಕೂದಲೆಳೆಯಷ್ಟು ಕೆಳಗಿಳಿಯುವುದು ಅವರ ಹೆಗಲಿಗೆ ತಿಳಿಯುತ್ತಿತ್ತು. ದ್ವೀಪದವಳು ಗಂಡನ ಮಾತುಗಳನ್ನು ಹೇಳಿಕೊಂಡಂತೆ ಪದ್ಯ ಹೇಳಿಕೊಳ್ಳಲು ನೋಡಿದರು. ಎರಡನೆಯ ಸಾಲು ಬರಲಿಲ್ಲ. ದೊಡ್ಡ ಯೋಚನೆಗಳೂ ಬರಲಿಲ್ಲ. ಬಂದದ್ದು, ಅತ್ತೆಯ ಸಂಜೆಯ ಮಾತ್ರೆ ಮೇಲಿನ ಗೂಡಿನಲ್ಲಿದೆ, ಅವರಿಗೆ ಎಟುಕುವುದಿಲ್ಲ ಎಂಬುದು. ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ಯಾರೂ ತೆಗೆದಿರುವುದಿಲ್ಲ ಎಂಬುದು. ಧೂಳಿಗೆ ಗಂಟಲು ಕಟ್ಟಿ ಕೂಗುವುದೂ ನಿಂತಿತು. ಚಪ್ಪಲಿಯಿಂದ ಕಬ್ಬಿಣಕ್ಕೆ ಹೊಡೆಯುತ್ತ, ಹೊಡೆದರೆ ಕಪಾಟು ಕುಸಿದೀತೆಂದು ಹೆದರಿ ನಿಲ್ಲಿಸುತ್ತ, ನಿಲ್ಲಿಸಿದರೆ ಯಾರಿಗೂ ಕೇಳಿಸದೆಂದು ಹೆದರಿ ಮತ್ತೆ ಹೊಡೆಯುತ್ತ ಬೆಳಗು ಮಾಡಿದರು.

ಬೆಳಗ್ಗೆ ತಲೆಯ ಮೇಲೆ ಸದ್ದಾಯಿತು. ಕಾದಂಬರಿಯಲ್ಲಿ ಹಡಗಿನ ಕೂಗು ಕೇಳುವ ಜಾಗ ಇದು. ಆದರೆ ಆ ಸದ್ದು ಎಂಜಿನ್ನಿನದು. ಹುಡುಕಲು ಬಂದವರು ಮೊದಲು ಕರೆಯುತ್ತಾರೆ, ಸುಮ್ಮನೆ ನಿಂತು ಕಿವಿಗೊಡುತ್ತಾರೆ. ಇಲ್ಲಿ ಯಾರೂ ಕರೆಯಲಿಲ್ಲ. ಅವರಿಗೆ ಅರ್ಥವಾಯಿತು: ಒಳಗೆ ಯಾರೂ ಇಲ್ಲವೆಂದು, ಉಳಿದ ಗೋಡೆಯನ್ನು ಕೆಡವಿ ನೆಲಸಮ ಮಾಡಲು ಯಂತ್ರ ಬಂದಿದೆ. ಅವರು ಚಪ್ಪಲಿಯನ್ನು ಬಿಟ್ಟು ಕೈಯಿಂದಲೇ ಬಡಿದರು. ಆ ಗದ್ದಲದಲ್ಲಿ ತಮ್ಮ ಹೊಡೆತ ತಮಗೇ ಕೇಳಿಸುತ್ತಿರಲಿಲ್ಲವಂತೆ.

ಅಷ್ಟರಲ್ಲಿ ಅವರ ಮನೆಯಲ್ಲಿ ಬೇರೊಂದು ಗದ್ದಲ ನಡೆದಿತ್ತು. ಹಿಂದಿನ ಸಂಜೆಯಿಂದಲೇ ಅತ್ತೆ ಊಟ ಮುಟ್ಟದೆ ಕೂತಿದ್ದರು. ಮಗ ಎಷ್ಟು ಸಮಾಧಾನ ಹೇಳಿದರೂ ಒಪ್ಪಲಿಲ್ಲ. ಬೆಳಗ್ಗೆ ಅವರು ಹೇಳಿದ ಮಾತನ್ನು ಆ ಮಗನೇ ನಮಗೆಲ್ಲ ತಿಳಿಸಿದ್ದು.

‘ನಿನ್ನೆ ಹೊರಡೋವಾಗ ಅವಳನ್ನ ಒಂದು ಮಾತು ಕೇಳಿದೆ. ನಿನ್ನ ಆ ಕಾದಂಬರಿಯವಳಿಗೆ ಅತ್ತೆ ಇರಲಿಲ್ಲ ಅಂತ ಕಾಣುತ್ತೆ, ಅದಕ್ಕೇ ಅಷ್ಟು ನೆಮ್ಮದಿಯಾಗಿ ಒಬ್ಬಳೇ ಇದ್ದಳು ಅಂದೆ. ಅವಳು ಉತ್ತರ ಕೊಡದೆ ಹೋದಳು. ನನ್ನ ಮಾತಿಗೆ ಉತ್ತರ ಬಾಕಿ ಇಟ್ಕೊಂಡು ಅಕ್ಕನ ಮನೇಲಿ ಹಾಯಾಗಿ ಮಲಗೋಳಾ ಅವಳು? ಎಲ್ಲೋ ಸಿಕ್ಕಿಹಾಕ್ಕೊಂಡಿದ್ದಾಳೆ ಕಣೋ. ಫೋನ್ ಮಾಡು ಮೊದಲು.’

ಮಗ ಫೋನ್ ಮಾಡಿದರು. ಅಕ್ಕನ ಮನೆಗೆ ಅವರು ಬಂದಿರಲೇ ಇಲ್ಲ.

ಅವರ ಪತಿ ಕಾಲೇಜಿನ ಅಂಗಳಕ್ಕೆ ಓಡಿ ಬಂದಾಗ ನಾನು ಅಲ್ಲಿದ್ದೆ. ದನಿಯೆತ್ತಿ ಮಾತಾಡಿದ್ದನ್ನು ನಾವ್ಯಾರೂ ಕಾಣದ ಆ ಮನುಷ್ಯ ನೇರವಾಗಿ ಯಂತ್ರದ ಮುಂದೆ ಹೋಗಿ ನಿಂತರು. ಕೆಡವುವ ಕೆಲಸ ನೋಡಿಕೊಳ್ಳುತ್ತಿದ್ದ ಅಧಿಕಾರಿ ಬೈದರು, ಎಲ್ಲರೂ ಹೊರಗಿದ್ದಾರೆಂದು ನಿಮ್ಮವರೇ ಹೇಳಿದ್ದು ಎಂದರು. ಪ್ರಾಂಶುಪಾಲರು ಗ್ರಂಥಪಾಲಕರ ಮುಖ ನೋಡಿದರು, ಗ್ರಂಥಪಾಲಕರು ಮೈಕುವಿನ ಮುಖ ನೋಡಿದರು. ಪತಿ ಅವನನ್ನು ಕೇಳಿದರು:

‘ಅವಳು ಹೊರಗೆ ಬಂದಿದ್ದನ್ನ ಕಣ್ಣಲ್ಲಿ ನೋಡಿದೆಯೇನಪ್ಪ?’

‘ಬಂದೆ ಅಂದ್ರು ಸಾರ್,’ ಎಂದ ಮೈಕು. ಅಷ್ಟು ಸಣ್ಣ ದನಿ ಅವನಿಗಿದೆಯೆಂದು ನಮಗೆ ಗೊತ್ತಿರಲಿಲ್ಲ. ಹೇಳುತ್ತಿದ್ದಂತೆಯೇ ಅವನಿಗೂ ಅರ್ಥವಾಯಿತು.

ಎಂಜಿನ್ ನಿಂತಿತು. ಪತಿ ಕುಸಿದ ಮಣ್ಣಿನ ಮೇಲೆ ಮಂಡಿಯೂರಿ, ದಿನವೂ ಅಡುಗೆಮನೆಯ ಕಡೆಗೆ ಮುಖ ಮಾಡಿ ಕರೆಯುವಂತೆ, ‘ಇವಳೇ’ ಎಂದು ಕರೆದರು. ಏನೂ ಇಲ್ಲ. ಇನ್ನೊಮ್ಮೆ ಕರೆದರು. ಆಗ ನೆಲದಡಿಯಿಂದ, ಯಾರೋ ಬಹಳ ದೂರದಲ್ಲಿ ಬಾಗಿಲು ತಟ್ಟಿದಂತೆ ಸದ್ದು ಬಂತು.

ಬಿಡಿಸಿ ತರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಯಂತ್ರ ಮುಟ್ಟುವಂತಿರಲಿಲ್ಲ. ಒಂದು ಕಲ್ಲು ತೆಗೆದರೆ ಬುಟ್ಟಿಗಟ್ಟಲೆ ಮಣ್ಣು ಜಾರುತ್ತಿತ್ತು. ಮಣ್ಣು ಜಾರಿದಾಗಲೆಲ್ಲ ಕೆಳಗಿನ ಸದ್ದು ನಿಲ್ಲುತ್ತಿತ್ತು. ಆ ನಿಲುಗಡೆಗಳಲ್ಲಿ ನಾವು ಅಂಗಳದಲ್ಲಿ ನಿಂತವರು ಏನಾಗಿದ್ದೆವು ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ಅವರನ್ನು ಮೇಲೆತ್ತಿದಾಗ ಮೈತುಂಬ ನೆಂದ ಕಾಗದದ ಮುದ್ದೆ ಮೆತ್ತಿತ್ತು. ಕಣ್ಣು ಬಿಟ್ಟೇ ಇದ್ದರೂ ಅವರು ಯಾರನ್ನೂ ನೋಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದ ದಿನ ನಾನೂ ಜೊತೆಗಿದ್ದೆ. ಅತ್ತೆ ಕುರ್ಚಿಯನ್ನು ಬಾಗಿಲಿಗೇ ಹಾಕಿಸಿಕೊಂಡು ಕೂತಿದ್ದರು. ಸೊಸೆಯ ಕೈ ಹಿಡಿದುಕೊಂಡು, ಉಗುರು ಕಿತ್ತುಹೋದ ಬೆರಳುಗಳನ್ನು ಒಂದೊಂದಾಗಿ ನೋಡಿದರು. ಮೊದಲು ಮಾತಾಡಿದವರು ಮೇಡಂ.

‘ಇರಲಿಲ್ಲ ಅತ್ತೆ, ಅವಳಿಗೆ ಅತ್ತೆ ಇರಲಿಲ್ಲ. ಇದ್ದಿದ್ರೆ ಅವಳೂ ಬೇಗ ಸಿಗ್ತಿದ್ದಳು.’

ಒಂದು ವರ್ಷ ಅವರು ಆ ಕಾದಂಬರಿಯನ್ನು ಮುಟ್ಟಲಿಲ್ಲ. ಮತ್ತೆ ಕೈಗೆತ್ತಿಕೊಂಡಾಗ ಅವರ ಪಾಠವೇ ಬದಲಾಗಿತ್ತು. ಆ ತರಗತಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಾದಂಬರಿಕಾರ ಬಿರುಗಾಳಿಯನ್ನು ತಂದದ್ದು ಸುಲಭದ ದಾರಿ ಎಂದು ಅವರು ಹೇಳಿದರು. ಬಿರುಗಾಳಿಯಿಂದ ತಡವಾದರೆ ಯಾರದೂ ತಪ್ಪಿಲ್ಲ. ಆದರೆ ನೆರವು ತಡವಾಗುವುದು ಹೆಚ್ಚಾಗಿ ಎಲ್ಲರೂ ನೆಮ್ಮದಿಯಾಗಿರುವುದರಿಂದ. ಅವಳು ಎಲ್ಲೋ ಕ್ಷೇಮವಾಗಿರುತ್ತಾಳೆ ಎಂಬ ನೆಮ್ಮದಿಯಷ್ಟು ಭಯಂಕರವಾದದ್ದನ್ನು ಯಾವ ಕಡಲೂ ಎಬ್ಬಿಸಲಾರದು ಎಂದರು. ಹೆದರಿಕೆ ಮನುಷ್ಯರನ್ನು ದೊಡ್ಡವರನ್ನಾಗಿ ಮಾಡುತ್ತದೆ ಎಂಬ ಮಾತನ್ನು ಪುಸ್ತಕದಿಂದ ಓದಿ, ತಮ್ಮನ್ನು ಅದು ಕುಗ್ಗಿಸಿತು, ಚಿಕ್ಕವಳಾಗಿಯೇ ಉಳಿದುಬಂದೆ ಎಂದು ಸೇರಿಸಿದರು. ಆ ದಿನ ತರಗತಿಯಲ್ಲಿ ಯಾರೂ ಅಳಲಿಲ್ಲ. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಏಳದೆ ಕೂತೇ ಇದ್ದಳು. ಅವಳು ತನ್ನ ಮನೆಯಲ್ಲಿ ನಡೆಯುತ್ತಿದ್ದುದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು ಅಂದು, ಮೇಡಂ ಅವರ ಮುಂದೆ. ಅಂಥವರು ಆಮೇಲೆ ಬರುತ್ತಲೇ ಹೋದರು. ಎಲ್ಲವೂ ಸರಿಯಿದೆಯೆಂದು ಸುತ್ತಲಿನವರೆಲ್ಲ ನಂಬಿರುವ ಹೆಂಗಸರು. ಮೇಡಂ ಅವರನ್ನೆಲ್ಲ ಕೂರಿಸಿಕೊಂಡು, ಎಲ್ಲಿ ಸಿಕ್ಕಿಕೊಂಡಿದ್ದೀಯ ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಅವರ ಪುಸ್ತಕ ಹುಟ್ಟಿದ್ದು ಆ ಉತ್ತರಗಳಿಂದ.

ಈ ಲೇಖನಕ್ಕಾಗಿ ಮೊನ್ನೆ ಅವರ ಮನೆಗೆ ಹೋಗಿದ್ದೆ. ಏನು ಬರೆಯಲಿ ಎಂದು ಕೇಳಿದ್ದಕ್ಕೆ, ‘ಧೈರ್ಯವಂತೆ ಅಂತ ಬರೆದ್ರೆ ನೋಡು, ನಿನ್ನ ಜೊತೆ ಮಾತು ಬಿಡ್ತೀನಿ,’ ಎಂದರು. ‘ಇವತ್ತಿಗೂ ಲಿಫ್ಟಿನ ಬಾಗಿಲು ಮುಚ್ಚಿದರೆ ಬೆನ್ನು ತಣ್ಣಗಾಗುತ್ತೆ. ಅದನ್ನೇ ಬರಿ. ಹೆದರಿಕೊಂಡೇ ಇಷ್ಟು ವರ್ಷ ಪಾಠ ಮಾಡಿದಳು ಅಂತ ಬರಿ.’

ಬರೆದಿದ್ದೇನೆ ಮೇಡಂ. ನಿವೃತ್ತಿಯ ನಂತರ ಆ ಹೆಂಗಸರ ಮಾತುಗಳನ್ನು ಇನ್ನೊಂದು ಸಂಪುಟವಾಗಿ ತರುವ ಕೆಲಸಕ್ಕೆ ಅವರು ಆಗಲೇ ಕೈಹಾಕಿದ್ದಾರೆ. ಅದು ಬೇಗ ನಮ್ಮ ಕೈಸೇರಲಿ. ಅವರ ಕಣ್ಣು, ಕಿವಿ, ಚುಚ್ಚು ಮಾತು ಎಲ್ಲವೂ ಹೀಗೆಯೇ ಇರಲಿ. ಈ ವಿಭಾಗದ ನಾವು ಹನ್ನೊಂದು ಜನರೂ, ಅವರ ಕೈಯಲ್ಲಿ ಕಲಿತು ಬೇರೆ ಬೇರೆ ಊರು ಸೇರಿದ ಹೆಣ್ಣುಮಕ್ಕಳೂ ಸಂಜೆಯಾದರೆ ಸರದಿಯ ಮೇಲೆ ಫೋನ್ ಮಾಡಿ ‘ಎಲ್ಲಿದ್ದೀರಿ ಮೇಡಂ’ ಎಂದು ಕೇಳುವುದೆಂದು ಮಾತಾಡಿಕೊಂಡಿದ್ದೇವೆ. ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕುಸಾಕಾಗಿ, ಸಿಟ್ಟು ಬಂದು ನಮಗೆ ಬಾಯಿತುಂಬ ಬೈಯುವಷ್ಟು ದೀರ್ಘಕಾಲ ಅವರು ಬಾಳಲಿ.