ಪಿಳ್ಳಮ್ಮನವರ ಯಜಮಾನರು ಮತ್ತು ನನ್ನ ಎರಡು ಬೆಕ್ಕುಗಳು

ಇವತ್ತು ಬೆಳಿಗ್ಗೆ ಯುಟಿಲಿಟಿ ತೊಳೆಯೋಣವೆಂದು ವಾಷಿಂಗ್ ಮೆಷಿನ್ ಎಳೆದಾಗ ಅದರ ಹಿಂದೆ ಒಂದಷ್ಟು ಮೂಸಂಬಿ ಸಿಪ್ಪೆ ಸಿಕ್ಕಿತು. ಒಣಗಿ ಕಪ್ಪಾಗಿ ಹಪ್ಪಳದ ಚೂರಿನಂತಾಗಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ. ವಾಸನೆ ಯಾವತ್ತೋ ಹೋಗಿತ್ತು. ವಾಸನೆ ಇದ್ದಾಗಲೂ ಅದರಿಂದ ಏನೂ ಪ್ರಯೋಜನವಾಗಿರಲಿಲ್ಲ ಅನ್ನುವುದು ಬೇರೆ ಮಾತು. ಬೆಕ್ಕುಗಳಿಗೆ ಮೂಸಂಬಿ ಸಿಪ್ಪೆ ಕಂಡರಾಗದು ಎಂದು ಯಾರೋ ಹೇಳಿದ್ದನ್ನು ನಂಬಿ, ಜಯನಗರ ನಾಲ್ಕನೇ ಬ್ಲಾಕಿನ ಜ್ಯೂಸ್ ಅಂಗಡಿಯ ಮುಂದೆ ಚೀಲ ಒಡ್ಡಿಕೊಂಡು ನಿಲ್ಲುತ್ತಿದ್ದ ಕಾಲವೊಂದಿತ್ತು. "ಗೊಬ್ಬರಕ್ಕಾ ಮೇಡಂ?" ಎಂದು ಅಂಗಡಿಯವನು ಕೇಳುತ್ತಿದ್ದ. "ಹೂನಪ್ಪಾ" ಎನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಬೀದಿ ಬೆಕ್ಕೊಂದನ್ನು ಓಡಿಸಲು ಸಿಪ್ಪೆ ಹೊತ್ತುಕೊಂಡು ಬಸ್ಸು ಹತ್ತುತ್ತಿದ್ದಾಳೆ ಎಂದು ಹೇಳಿಕೊಳ್ಳುವುದಾದರೂ ಹೇಗೆ?

ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ನನ್ನ ಪಾಡು ನಿಮಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಪುಣ್ಯವಂತರು, ಸುಮ್ಮನೆ ಕೇಳುತ್ತಾ ಹೋಗಿ.

ನಾನಿರುವುದು ಸುದ್ದಗುಂಟೆಪಾಳ್ಯದಲ್ಲಿ, ಒಂದು ಬಾಡಿಗೆ ಮನೆಯ ಕೆಳಮಹಡಿಯಲ್ಲಿ. ಮೇಲೆ ಮನೆಯ ಮಾಲೀಕರಾದ ಪಿಳ್ಳಮ್ಮನವರು. ಈ ಮನೆ ನಿಂತಿರುವ ಜಾಗದಲ್ಲೇ ಹಿಂದೆ ಅವರ ಯಜಮಾನರು ಸೊಪ್ಪು ಬೆಳೆಯುತ್ತಿದ್ದರಂತೆ. ಮನೆ ನೋಡಲು ಬಂದ ದಿನ ನಾನು ಹೆದರಿ ಹೆದರಿ, "ನನ್ನ ಹತ್ರ ಎರಡು ಬೆಕ್ಕಿದೆ ಅಮ್ಮಾ" ಎಂದಾಗ ಅವರು, "ಇದ್ರೆ ಇರ್ಲಿ ಬುಡಿ, ಹಸಾ ಎಮ್ಮೆ ಕಟ್ಟಿದ್ ಜಾಗ ಇದು" ಎಂದಿದ್ದರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಮಾತಿನ ಬೆಲೆ ಗೊತ್ತು.

ಆ ಎರಡರಲ್ಲಿ ಹಿರಿಯಳು ಸುಬ್ಬಿ. ಮುದುಕಿ, ಬಾಯಲ್ಲಿ ಹಲ್ಲು ಅಷ್ಟಕ್ಕಷ್ಟೆ, ಆದರೂ ಗತ್ತಿಗೆ ಕಡಿಮೆಯಿಲ್ಲ. ಇನ್ನೊಬ್ಬ ಪುಟ್ಟಸ್ವಾಮಿ. ಮೈತುಂಬಾ ಕೊಬ್ಬು, ಕುಕ್ಕರ್ ಕೂಗಿದರೆ ಮಂಚದಡಿ ಸೇರುವ ಧೈರ್ಯ. ನಮ್ಮ ಮೂವರ ಸಂಸಾರ ತಣ್ಣಗೆ ನಡೆಯುತ್ತಿರುವಾಗ ಧಡಿಯ ಬಂದ.

ಬೀದಿಯ ಗಂಡುಬೆಕ್ಕು; ಹಳದಿ ಬಣ್ಣ, ತೆಂಗಿನಕಾಯಿಯಷ್ಟು ತಲೆ. ಯುಟಿಲಿಟಿಯ ಗ್ರಿಲ್ಲಿನಲ್ಲಿ ನುಸುಳಿ ಬಂದು ಮೊದಲು ನನ್ನ ಬೆಕ್ಕುಗಳ ತಟ್ಟೆ ಖಾಲಿ ಮಾಡಿದ. ಆಮೇಲೆ ಬಾಗಿಲು, ಚಪ್ಪಲಿ, ನಾನು ತಿದ್ದಲು ತಂದಿದ್ದ ಉತ್ತರಪತ್ರಿಕೆಗಳ ಕಟ್ಟು, ಎಲ್ಲದರ ಮೇಲೂ ಹಿಂಬದಿಯಿಂದ ಉಚ್ಚೆ ಸಿಂಪಡಿಸಿ ಇದು ತನ್ನದೆಂದು ಸಾರಿದ. ಅದನ್ನೂ ಸಹಿಸಬಹುದಿತ್ತು. ಆದರೆ ಅವನು ಹಾಡುಹಗಲೇ ನುಗ್ಗಿ ಪುಟ್ಟಸ್ವಾಮಿಯನ್ನು ಮೂಲೆಗೆ ಒತ್ತಿ ಚಚ್ಚುತ್ತಿದ್ದ. ಬಿಡಿಸಲು ಹೋದ ಸುಬ್ಬಿಯ ಕಿವಿ ಕಚ್ಚಿದ. ಗಾಯ ಕೀವಾಗಿ ಊದಿದಾಗ ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದೆ. ಅವಳ ರೋದನ ಕೇಳಲಾರದೆ ಆಟೋದವನು, "ಯಾರ್ ಮೇಡಂ ಹಿಂಗ್ ಹೊಡ್ದಿದ್ದು, ಕಂಪ್ಲೇಂಟ್ ಕೊಡಿ" ಎಂದ. ಯಾರ ಮೇಲೆ ಕೊಡಲಿ?

ಆಮೇಲೆ ಶುರುವಾಯಿತು ನನ್ನ ಕಾವಲು. ಸಿಪ್ಪೆ ಚೆಲ್ಲಿದೆ. ಗ್ರಿಲ್ಲಿಗೆ ಜಾಲರಿ ಹೊಡೆಸಿದೆ, ಅವನು ಅದರ ಮೂಲೆ ಕಿತ್ತ. ಪಕ್ಕದ ಬಾಗಿಲಿಗೂ ಜಾಲರಿ ಬಾಗಿಲು ಸೇರಿಸಿದೆ. ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಬೆವರುತ್ತಾ ಕೂತೆ. ಸ್ನಾನಕ್ಕೆ ಹೋದರೂ ಕಿವಿ ಹೊರಗೇ. ಸಹೋದ್ಯೋಗಿಯ ಮಗಳ ಮದುವೆಗೆ ಹೋಗಲಿಲ್ಲ. ಕಾರಣ ಕೇಳಿದರೆ ತಲೆನೋವು ಅಂದೆ. ಒಂದು ಬೆಕ್ಕಿಗೆ ಹೆದರಿ ಮನೆಯಲ್ಲಿ ಕೂತವಳು ನಾನೊಬ್ಬಳೇ ಇರಬೇಕು. ಸುಸ್ತಾಗಿತ್ತು, ನಿಜವಾಗಿ ಸುಸ್ತಾಗಿತ್ತು. ಕೊನೆಗೆ ಉಳಿದದ್ದು ಒಂದು ಮಗ್ಗು ನೀರು. ಕಂಡಲ್ಲಿ ಎರಚುತ್ತಿದ್ದೆ. ಅದಕ್ಕೆ ಮಾತ್ರ ಅವನು ಸ್ವಲ್ಪ ಅಂಜುತ್ತಿದ್ದ.

ಆ ಮಗ್ಗನ್ನೂ ನನ್ನ ಕೈಯಿಂದ ಕಿತ್ತುಕೊಂಡದ್ದು ಪಿತೃಪಕ್ಷ.

ಪಿಳ್ಳಮ್ಮನವರ ಮನೆಯಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವುದು ದೊಡ್ಡ ಸಂಭ್ರಮ. ತೀರಿಕೊಂಡ ಯಜಮಾನರ ಫೋಟೋ ಮುಂದೆ ಹೊಸ ಪಂಚೆ, ಷರಟು, ಬೀಡಿ ಕಟ್ಟು, ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದೆಲ್ಲ. ಅದರಲ್ಲೂ ಕೊಚ್ಚಿದ ಮಾಂಸದ ಕೈಮಾ ಉಂಡೆ ಸಾರು. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯಬೇಕು; ಆಗ ಹಿರೀಕರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ಆ ವರ್ಷ ನನ್ನನ್ನೂ ಊಟಕ್ಕೆ ಕರೆದಿದ್ದರು. ಕುಮಾರಸ್ವಾಮಿ ಲೇಔಟಿನಿಂದ ಮಗಳು ಬಂದಿದ್ದಳು. ಧೂಪದ ಹೊಗೆ ಕಣ್ಣಿಗೆ ಹತ್ತುತ್ತದೆಂದು ಅವಳು ಒಳಗಿನ ಕಿಟಕಿ ತೆರೆದಿಟ್ಟು ಮರೆತಿದ್ದಳು.

ನಾವು ಬಾಗಿಲು ತೆಗೆದಾಗ ಎಲೆಯ ಮುಂದೆ ಧಡಿಯ ಕೂತಿದ್ದ. ಒಬ್ಬಟ್ಟು ಮುಟ್ಟಿರಲಿಲ್ಲ, ಅನ್ನ ಮುಟ್ಟಿರಲಿಲ್ಲ. ಕೈಮಾ ಉಂಡೆ ಮಾತ್ರ ಒಂದೂ ಉಳಿದಿರಲಿಲ್ಲ. ಫೋಟೋದಲ್ಲಿದ್ದ ಯಜಮಾನರ ಕಡೆ ಬೆನ್ನು ಹಾಕಿ ನಿಧಾನವಾಗಿ ಮೀಸೆ ಒರೆಸಿಕೊಳ್ಳುತ್ತಿದ್ದ. ಮಗಳು "ಅಯ್ಯೋ" ಎಂದು ಪೊರಕೆ ಎತ್ತಿದಳು. ಪಿಳ್ಳಮ್ಮನವರು ಅವಳ ಕೈ ಹಿಡಿದರು.

"ಹೊಡೀಬ್ಯಾಡ್ವೇ. ನಿಮ್ಮಪ್ಪ ಕಣೇ."

ಅಂದಿನಿಂದ ಧಡಿಯನಿಗೆ ಮೇಲಿನ ಮೆಟ್ಟಿಲ ಹತ್ತಿರ ದಿನವೂ ಊಟ. "ಬರ್ರೀ, ಊಟಕ್ಕೆ ಬರ್ರೀ" ಎಂದು ಪಿಳ್ಳಮ್ಮನವರು ಕೂಗಿದರೆ ಸಾಕು, ಎಲ್ಲಿದ್ದರೂ ಬಾಲ ಎತ್ತಿಕೊಂಡು ಓಡಿ ಬರುತ್ತಿದ್ದ. ಅಲ್ಲಿ ಉಂಡು ಬಲಿತು, ಇಳಿಯುವಾಗ ದಾರಿಯಲ್ಲಿ ನನ್ನ ಬೆಕ್ಕುಗಳಿಗೆ ನಾಲ್ಕು ಬಾರಿಸಿ ಹೋಗುತ್ತಿದ್ದ. ಒಮ್ಮೆ ಮಗ್ಗು ಎತ್ತಿದ್ದೆ. ಮೇಲಿನಿಂದ ದನಿ ಬಂತು: "ನೀರ್ ಹಾಕ್ಬ್ಯಾಡಿ ಟೀಚರಮ್ಮಾ, ಅವ್ರಿಗೆ ಶೀತ ಆಗ್ಬರಲ್ಲ." ಮಗ್ಗನ್ನು ಹಾಗೇ ಇಳಿಸಿ ಆ ನೀರನ್ನು ತುಳಸಿಗೆ ಹಾಕಿದೆ. ಮನೆ ಮಾಲೀಕರ ಯಜಮಾನರ ಮೇಲೆ ಯಾವ ಬಾಡಿಗೆದಾರ ತಾನೇ ನೀರು ಎರಚಿಯಾನು?

ನಗು ಬರುತ್ತದೆ, ಅಲ್ಲವೇ? ನನಗೂ ಬರುತ್ತಿತ್ತು, ಸುಬ್ಬಿಯ ಕಣ್ಣಿಗೆ ಪೆಟ್ಟಾಗುವವರೆಗೆ. ಡಾಕ್ಟರು ಔಷಧಿ ಹಾಕುತ್ತಾ, "ಈ ಸಲ ಕಣ್ಣು ಉಳೀತು ಮೇಡಂ. ಇನ್ನೊಂದ್ ಸಲ ಆದ್ರೆ ನಾನೇನೂ ಹೇಳಕ್ಕಾಗಲ್ಲ. ಆ ಗಂಡುಬೆಕ್ಕನ್ನ ಹಿಡಿಸಿ ಆಪರೇಷನ್ ಮಾಡಿಸ್ಬಿಡಿ" ಎಂದರು. ಆಗಬಹುದು ಅಂದುಬಿಟ್ಟೆ. ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು, ಇದಕ್ಕೆ ಪಿಳ್ಳಮ್ಮನವರ ಒಪ್ಪಿಗೆ ಕೇಳಬೇಕು. ವಿಧವೆಯೊಬ್ಬರ ಬಳಿ ಹೋಗಿ, ನಿಮ್ಮ ಯಜಮಾನರಿಗೆ ಸಂತಾನಹರಣ ಮಾಡಿಸಲೇ ಎಂದು ಕೇಳುವುದು ಹೇಗೆಂದು ಯಾವ ಬಿ.ಎಡ್. ಕಾಲೇಜಿನಲ್ಲೂ ಕಲಿಸುವುದಿಲ್ಲ. ಬೇರೆ ಮನೆ ಹುಡುಕಿದೆ. ಹೋದಲ್ಲೆಲ್ಲ ಬೆಕ್ಕು ಅಂದ ಕೂಡಲೇ ಮುಖ ಸಿಂಡರಿಸಿದರು. ವಿಧಿಯಿಲ್ಲದೆ ಮೆಟ್ಟಿಲು ಹತ್ತಿದೆ.

ಪಿಳ್ಳಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯತೊಡಗಿದೆ.

"ಅಮ್ಮಾ, ಆ ಬೆಕ್ಕಿಗೆ ಒಂದು ಆಪರೇಷನ್ ಆಗ್ಬೇಕಂತೆ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದ್ದಾನೆ. ಅದೇ ತೊಂದ್ರೆ." ಎಂತಹ ಆಪರೇಷನ್, ಯಾಕೆ ಎಂದು ತಡವರಿಸುತ್ತಾ ಹೇಳಿದೆ. "ಇಲ್ದಿದ್ರೆ ನಮ್ಮ ಸುಬ್ಬಿ ಕಣ್ಣು ಹೋಗ್ಬಿಡುತ್ತೆ ಅಮ್ಮಾ" ಎಂದೆ.

ಅವರು ಕಾಳುಗಳನ್ನು ಕೈಯಲ್ಲಿ ಸುಮ್ಮನೆ ಆಡಿಸಿದರು.

"ನಂಗೇನು ಗೊತ್ತಿಲ್ವಾ ಟೀಚರಮ್ಮಾ, ಅದು ಬೆಕ್ಕು ಅಂತ? ಅವ್ರು ಬದುಕಿದ್ದಾಗ ಒಂದಿನಾನೂ ಕರುದ್ರೆ ಬಂದವ್ರಲ್ಲ. ಹೇಳ್ದೆ ಕೇಳ್ದೆ ಹೊಂಟೋಗೋರು. ಎಲ್ಲವ್ರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಒಲೆ ಮುಂದೆ ಕಾಯ್ಕೊಂಡು ಕೂತಿರ್ತಿದ್ದೆ. ಇದು ಕರುದ್ರೆ ಬರ್ತದೆ. ಅಷ್ಟೇಯ." ಇನ್ನೊಂದು ಕಾಯಿ ಕೈಗೆತ್ತಿಕೊಂಡು ಅವರೇ ಹೇಳಿದರು, "ಮಾಡ್ಸಿ. ಪಾಪ, ನಿಮ್ ಮುದ್ಕಿ ಕಣ್ಣು."

ಬೆಕ್ಕು ಹಿಡಿಯುವವರು ಬೋನು ತಂದಿಟ್ಟರು. ಧಡಿಯ ಅದರ ಹತ್ತಿರವೂ ಸುಳಿಯಲಿಲ್ಲ. ಕೊನೆಗೆ ಪಿಳ್ಳಮ್ಮನವರೇ ಕೈಮಾ ಉಂಡೆ ಮಾಡಿ ಬೋನಿನೊಳಗಿಟ್ಟು ಕರೆದರು, "ಬರ್ರೀ, ಊಟಕ್ಕೆ ಬರ್ರೀ." ಅವನು ಬಂದ. ಒಂದು ಸಲ ಅವರ ಮುಖ ನೋಡಿ ಒಳಗೆ ಹೋದ. ಬೋನಿನ ಬಾಗಿಲು ಬಿತ್ತು. ಅವನು ಕಿರುಚತೊಡಗಿದಾಗ ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋಗಿ ಕದ ಮುಚ್ಚಿಕೊಂಡರು.

ಆಪರೇಷನ್ ಆಗಿ ವಾಪಸು ತಂದು ಗೇಟಿನ ಬಳಿ ಬಿಟ್ಟಾಗ ಧಡಿಯ ಹಿಂತಿರುಗಿ ನೋಡದೆ ಓಡಿದ. ಮತ್ತೆ ಮೆಟ್ಟಿಲು ಹತ್ತಲಿಲ್ಲ. ಪಿಳ್ಳಮ್ಮನವರು ಮಾತ್ರ ಬೆಳಿಗ್ಗೆ ತಟ್ಟೆ ಹಿಡಿದು ಕೂಗುವುದನ್ನು ನಿಲ್ಲಿಸಲಿಲ್ಲ. ನನ್ನ ಮನೆಯಲ್ಲಿ ಈಗ ಜಗಳವಿಲ್ಲ, ವಾಸನೆಯಿಲ್ಲ, ಸುಬ್ಬಿಗೆ ಎರಡೂ ಕಣ್ಣಿವೆ. ಇಷ್ಟಕ್ಕಾಗಿಯೇ ತಾನೇ ಅಷ್ಟು ಒದ್ದಾಡಿದ್ದು? ಆದರೂ ಆ ಕೂಗು ಕೇಳಿದಾಗಲೆಲ್ಲ ಬಾಯಿಗಿಟ್ಟ ಕಾಫಿ ಕಹಿಯಾಗುತ್ತಿತ್ತು.

ಆಮೇಲೊಂದು ದಿನ ಅವನು ನನ್ನ ಜಾಲರಿಯಾಚೆ ಬಂದು ಕೂತ. ಗುರುಗುಟ್ಟಲಿಲ್ಲ. ಪುಟ್ಟಸ್ವಾಮಿಯೇ ಹೋಗಿ ಮೂಸಿದ. ಅನ್ನ ಹಾಕಿದೆ, ತಿಂದ. ದಿನ ಕಳೆದಂತೆ ಒಳಗೇ ಬಂದು ಸುಬ್ಬಿಯ ಪಕ್ಕ ಮಲಗತೊಡಗಿದ. ಮೇಲಿನವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಬಾಯಿ ಬರಲಿಲ್ಲ. ಮಂಡಿನೋವಿನಿಂದಾಗಿ ಅವರು ಕೆಳಗಿಳಿಯುವುದೇ ಅಪರೂಪ. ಅವನು ಇಲ್ಲ ಅನ್ನುವುದನ್ನಾದರೂ ತಡೆದುಕೊಂಡಾರು. ಇಲ್ಲೇ ಇದ್ದಾನೆ, ಕೂಗು ಕೇಳಿಸಿದರೂ ಏಳುವುದಿಲ್ಲ ಅನ್ನುವುದನ್ನು?

ಇವತ್ತು ನಾನು ಆ ಸಿಪ್ಪೆಗಳನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಾಗ ಎಂದಿನ ಕೂಗು ಬಂತು. ಧಡಿಯ ಒಂದು ಕಿವಿ ಅಲುಗಿಸಿದ, ಅಷ್ಟೆ. ಕೂಗು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಒಂದೊಂದಾಗಿ, ಗೋಡೆ ಹಿಡಿದು ಇಳಿಯುವ ಸದ್ದು. ಅವನನ್ನು ಬಚ್ಚಿಡಬೇಕೆನ್ನಿಸಿತು, ಆದರೆ ಸಿಪ್ಪೆ ಹಿಡಿದುಕೊಂಡೇ ನಿಂತೆ. ಪಿಳ್ಳಮ್ಮನವರು ತಟ್ಟೆ ಹಿಡಿದುಕೊಂಡು ಜಾಲರಿ ಬಾಗಿಲಿಗೆ ಮುಖ ಒತ್ತಿ ನೋಡಿದರು. ತುಂಬಾ ಹೊತ್ತು ನೋಡಿದರು.

"ಇಲ್ಲೇ ಅವ್ರಾ?"

"ಹೂಂ ಅಮ್ಮಾ."

"ಸದ್ಯ. ಎಲ್ಲವ್ರೆ ಅಂತ ಗೊತ್ತಾಯ್ತಲ್ಲ."

ನಾನು ಚಿಲಕ ತೆಗೆದೆ. ಅವನು ಏಳಲಿಲ್ಲ. ಪಿಳ್ಳಮ್ಮನವರೇ ಒಳಗೆ ಬಂದರು.