ಒಂಬತ್ತು ಕ್ಯೂಬುಗಳು

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಒಡೆಯೋ ಅಕ್ಕ ಎಂದೇ ಕರೆಯುವುದು. ಕಟ್ಟಡಕ್ಕೆ ಕಲಸಿದ ಕಾಂಕ್ರೀಟಿನಲ್ಲೇ ಒಂದಿಷ್ಟು ತೆಗೆದು, ಅಚ್ಚಿಗೆ ತುಂಬಿ, ಕ್ಯೂಬು ಮಾಡಿ ತಂದುಕೊಡುತ್ತಾರೆ. ಅವಳು ಅವನ್ನು ಇಪ್ಪತ್ತೆಂಟು ದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಯಂತ್ರದ ಬಾಯಿಗೆ ಕೊಟ್ಟು ಒಡೆಯುತ್ತಾಳೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದು ಸಹಿ ಹಾಕುತ್ತಾಳೆ. ಆ ಸಹಿ ಬಿದ್ದ ಮೇಲೆಯೇ ತಾರಸಿಗೆ ಕೆಳಗಿನಿಂದ ಕೊಟ್ಟ ಆಸರೆಯ ಕಂಬಗಳನ್ನು ತೆಗೆಯುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಕಟ್ಟುವವರ ಮನೆಯಲ್ಲಿ ಒಡೆಯುವವಳು ಹುಟ್ಟಿದಳಲ್ಲ ಎಂದು ಅಪ್ಪ ನಗುತ್ತಿದ್ದ. ಅಪ್ಪ ಕಟ್ಟಿದ್ದು ಗೋಡೆ. ಅಮ್ಮ ಹೋದ ಮೇಲೆ ಸಂಸಾರ ಕಟ್ಟಿ ನಿಲ್ಲಿಸಿದವಳು ಹದಿನಾರು ವರ್ಷದ ಇವಳು. ತಮ್ಮ ಕಟ್ಟಿದ್ದು ಬರೀ ಕಥೆ. ಶಾಲೆಗೆ ಚಕ್ಕರ್ ಹೊಡೆದ ದಿನ ಯಾರ ಪಕ್ಕ ಕೂತಿದ್ದೆ, ಮೇಷ್ಟ್ರು ಯಾವ ಲೆಕ್ಕ ಹಾಕಿಸಿದರು, ಬೆಲ್ಲು ಎಷ್ಟಕ್ಕೆ ಹೊಡೆಯಿತು ಎಂದು ಒಂದನ್ನೂ ಬಿಡದೆ ಒಪ್ಪಿಸುತ್ತಿದ್ದ. ನಿಜವಾಗಿ ಹೋದ ದಿನ ಅರ್ಧಕ್ಕರ್ಧ ಮರೆತಿರುತ್ತಿದ್ದ. ಅವನ ಸುಳ್ಳನ್ನು ಅವಳು ಹಿಡಿಯುತ್ತಿದ್ದದ್ದೇ ಹಾಗೆ.

ಈಗ ಆ ಮಹಾಶಯ ಮೇಸ್ತ್ರಿ. ಒಂದು ಆಸ್ಪತ್ರೆಯ ಕಟ್ಟಡ ಅವನ ಕೈಯಲ್ಲಿತ್ತು. ಶನಿವಾರ ಅವನ ಒಂಬತ್ತು ಕ್ಯೂಬುಗಳ ಸರದಿ ಬಂತು. ತಾರಸಿ ಹಾಕಿದ ದಿನ ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಸಂಜೆ ಮೂರು ಎಂದು ಅವುಗಳ ಮೇಲೆ ಮೊಳೆಯಲ್ಲಿ ಗೀಚಿತ್ತು.

ಯಂತ್ರದ ಮುಳ್ಳು ಇಪ್ಪತ್ತು ದಾಟಿದರೆ ಪಾಸು. ಮೊದಲನೆಯದು ಮೂವತ್ತನಾಲ್ಕಕ್ಕೆ ಒಡೆಯಿತು. ಎರಡನೆಯದೂ ಮೂವತ್ತನಾಲ್ಕು. ಆರನೆಯದೂ ಅಷ್ಟೇ ಬಂದಾಗ ಅವಳು ಕ್ಯೂಬಿನ ಮೇಲೆ ಗೀಚಿದ್ದನ್ನು ಮತ್ತೊಮ್ಮೆ ಓದಿದಳು. ಒಂಬತ್ತೂ ಅಷ್ಟೇ. ದಿನವಿಡೀ ಬಿಸಿಲಿನಲ್ಲಿ ಕಲಸಿದ ಕಾಂಕ್ರೀಟು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಇದ್ದೇ ಇರುತ್ತದೆ. ಇವನ್ನು ಒಂದೇ ಸಲಕ್ಕೆ ಕಲಸಿ, ಧಾರಾಳವಾಗಿ ಸಿಮೆಂಟು ಸುರಿದು ಮಾಡಿದ್ದಾರೆ. ಹಾಗಾದರೆ ತಾರಸಿಗೆ ಸುರಿದದ್ದು ಏನು? ಸೋಮವಾರ ಕಂಬ ತೆಗೆಯುವಾಗ ತಮ್ಮನ ಗುಂಪಿನ ಹನ್ನೊಂದು ಜನ ಅದರ ಕೆಳಗಿರುತ್ತಾರೆ. ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಫೋನು ಮಾಡಿ ಕೇಳಿದರೆ ತಮ್ಮ ಶುರು ಹಚ್ಚಿಕೊಂಡ. ಬೆಳಿಗ್ಗೆ ಇಷ್ಟು ಗಂಟೆಗೆ ಇಂಥವನು ಅಚ್ಚು ತುಂಬಿದ, ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಬ್ಬ. ಒಂದನ್ನೂ ಬಿಡಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಯಂತ್ರ ಪಾಸು ಎಂದಿದೆ; ಅವಳು ಸಹಿ ಹಾಕದಿದ್ದರೆ ಪಕ್ಕದ ಮೇಜಿನವನು ಹಾಕುತ್ತಾನೆ. ರಿಪೋರ್ಟು ತಾನೇ ತರುತ್ತೇನೆ ಎಂದು ಫೋನಿಟ್ಟಳು.

ಸೋಮವಾರ ಅವಳು ಹೋದಾಗ ಕೆಲಸದವರು ಸುತ್ತಿಗೆ ಹಿಡಿದು ಕಂಬಗಳ ಸಾಲಿನಲ್ಲಿ ಕಾಯುತ್ತಿದ್ದರು. ಅವಳು ತಲೆ ತಗ್ಗಿಸಿ ನಡೆದು, ತಾರಸಿಯ ಕೆಳಗೆ ನಟ್ಟನಡುವೆ ನಿಂತಳು.

"ತಮಾಷೆ ಮಾಡ್ಬೇಡ ಅಕ್ಕಾ, ಈಚೆ ಬಾ" ಎಂದ ತಮ್ಮ.

"ತಮಾಷೆ ಏನು ಬಂತು? ಮೂವತ್ನಾಲ್ಕು ಬಂದಿದೆಯಲ್ಲ. ನಾನು ಇಲ್ಲೇ ಇರ್ತೀನಿ. ಮೊದಲ್ನೇದು ನೀನೇ ಹೊಡಿ."

ಎಲ್ಲರೂ ನೋಡುತ್ತಿದ್ದರು. ಅವನು ಹುಂಬ ನಗೆ ನಕ್ಕು, ಪಕ್ಕದವನ ಸುತ್ತಿಗೆ ಕಸಿದುಕೊಂಡು, ಕಂಬದ ಬುಡದ ಬೆಣೆಗೆ ಒಂದೇಟು ಹಾಕಿದ. ಬೆಣೆ ಒಂದು ಬೆರಳಿನಷ್ಟು ಸರಿಯಿತು. ಮೇಲೆ ಹಲಗೆ ಕಿರ್ರೆಂದಿತು. ಸಣ್ಣಗೆ ಧೂಳು ಉದುರಿ ಅವಳ ತಲೆಯ ಮೇಲೆ ಬಿತ್ತು. ಅವಳು ಅಲ್ಲಾಡಲಿಲ್ಲ. ಅವನು ಎರಡನೆಯ ಏಟಿಗೆ ಸುತ್ತಿಗೆ ಎತ್ತಿದ. ಎತ್ತಿದ ಕೈ ಕೆಳಗಿಳಿಯಲಿಲ್ಲ.

"ಮಧ್ಯಾಹ್ನದ ಮೇಲೆ ಸಿಮೆಂಟು ಸಾಲ್ಲಿಲ್ಲ ಅಕ್ಕಾ" ಎಂದ. "ಅರ್ಧಕ್ಕರ್ಧ ಕಮ್ಮಿ ಹಾಕಿಸ್ದೆ. ನಿಲ್ಲುತ್ತೆ ಅಂದ್ಕೊಂಡೆ. ದಮ್ಮಯ್ಯ, ಈಚೆ ಬಾ."

"ನಿನ್ನಕ್ಕ ನಿಂತಿದಾಳೆ ಅಂತ ನಿನ್ನ ಕೈ ತಡೀತು. ಇವರ ಅಕ್ಕಂದಿರನ್ನೆಲ್ಲ ನಾನು ಎಲ್ಲಿಂದ ಕರ್ಕೊಂಡು ಬರ್ಲಿ?"

ಅವನು ಬಗ್ಗಿ, ಸರಿದ ಬೆಣೆಯನ್ನು ಆಚೆಯಿಂದ ಮೆಲ್ಲಗೆ ಬಡಿದು ಮತ್ತೆ ಬಿಗಿ ಮಾಡಿದ. ಸುತ್ತಿಗೆ ಕೆಳಗಿಟ್ಟು, ಎಲ್ಲರೂ ಹೊರಗೆ ನಡೀರಿ ಎಂದ. ಎಂಜಿನಿಯರಿಗೆ ತಾನೇ ಫೋನು ಹಚ್ಚಿದ. ಅವಳು ನಿಂತಲ್ಲೇ ನಿಂತು ಒಬ್ಬೊಬ್ಬರನ್ನೇ ಎಣಿಸಿದಳು. ಹನ್ನೊಂದನೆಯವನು ಬಿಸಿಲಿಗೆ ಕಾಲಿಟ್ಟ ಮೇಲೆ ತಾನೂ ಹೊರಟಳು.